ಅಂತರ್ಯಾಮಿ: ನಮ್ಮೊಳಗೆ ನೆಲೆಸಿ ನಡೆಸುವ ದೇವರು



ಪಾಸ್ಖ ಹಬ್ಬದ ಐವತ್ತನೆಯ ದಿನ ನಾವು ಪವಿತ್ರಾತ್ಮರ ಆಗಮನದ ಹಬ್ಬವನ್ನು, ಅಂದರೆ ಪೆಂತಕೋಸ್ತ್ ಹಬ್ಬವನ್ನು ಆಚರಿಸುತ್ತೇವೆ. ಅಂದು ಗುರುಗಳು ಕೆಂಪು ಪೂಜಾವಸ್ತ್ರ ಧರಿಸಿ ಬಲಿಪೂಜೆ ಅರ್ಪಿಸುತ್ತಾರೆ. ಪ್ರೇಷಿತರ ಕಾರ್ಯಕಲಾಪಗಳ ಎರಡನೆಯ ಅಧ್ಯಾಯದ ವಾಚನವನ್ನು ಕೇಳುತ್ತೇವೆ. ಪ್ರೇಷಿತರು ಕೂಡಿದ್ದ ಮನೆಯಲ್ಲಿ ಬಿರುಗಾಳಿ ಬೀಸಿದಂಥ ಸದ್ದು ತುಂಬಿತು. ನಾಲಗೆಯಂತಿದ್ದ ಜ್ವಾಲೆಗಳು ಒಬ್ಬೊಬ್ಬರ ಮೇಲೂ ಬಂದು ನೆಲೆಗೊಂಡವು. ಸ್ವಲ್ಪ ಹೊತ್ತಿನಲ್ಲಿ ಸದ್ದು ಅಡಗಿರಬೇಕು, ಜ್ವಾಲೆಗಳು ಕಣ್ಮರೆಯಾಗಿರಬೇಕು. ಆಮೇಲೆ ಪವಿತ್ರಾತ್ಮರು ಎಲ್ಲಿಗೆ ಹೋದರು? ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಹೀಗೆ ಕೇಳುವುದುಂಟು. ದೊಡ್ಡವರ ಮನಸ್ಸಿನಲ್ಲಿಯೂ ಈ ಪ್ರಶ್ನೆ ಇದೆ, ಕೇಳಲು ಸಂಕೋಚ ಅಷ್ಟೆ.

ಉತ್ತರ ಸರಳವಾಗಿದೆ. ಅವರು ಎಲ್ಲಿಗೂ ಹೋಗಲಿಲ್ಲ. ಒಳಗೆ ಬಂದರು, ಒಳಗೇ ಉಳಿದರು. ಹೀಗೆ ಒಳಗೆ ಉಳಿದಿರುವ ದೇವರನ್ನು ಹೆಸರಿಸಲು ಭಾರತದ ಭಾಷೆಗಳಲ್ಲಿ ಬಹು ಪ್ರಾಚೀನವಾದ ಒಂದು ಪದವಿದೆ: ಅಂತರ್ಯಾಮಿ. ನಮ್ಮ ಪ್ರಾರ್ಥನೆಗಳಲ್ಲಿ, ಪ್ರಬೋಧನೆಗಳಲ್ಲಿ ಈ ಪದ ಆಗಾಗ ಕೇಳಿಬರುತ್ತದೆ. ಅದರ ಅರ್ಥ ಏನು, ನಾವು ಕ್ರೈಸ್ತರು ಅದನ್ನು ಹೇಗೆ ಬಳಸಬೇಕು, ನಮ್ಮ ಮನೆಯ ಬದುಕಿಗೆ ಅದರಿಂದ ಏನು ಪ್ರಯೋಜನ ಎಂಬುದನ್ನು ಈ ಹಬ್ಬದ ಸಂದರ್ಭದಲ್ಲಿ ಸ್ವಲ್ಪ ಧ್ಯಾನಿಸೋಣ.

ಪದದ ಎರಡು ಭಾಗಗಳು

‘ಅಂತರ್ಯಾಮಿ’ ಎಂಬ ಸಂಸ್ಕೃತ ಪದದಲ್ಲಿ ಎರಡು ಭಾಗಗಳಿವೆ. ‘ಅಂತರ್’ ಎಂದರೆ ಒಳಗೆ. ಅಂತರಂಗ, ಅಂತಃಕರಣ, ಅಂತರಾತ್ಮ ಮುಂತಾದ ಪದಗಳಲ್ಲಿ ಇದು ನಮಗೆ ಪರಿಚಿತ. ಇನ್ನೊಂದು ಭಾಗ ‘ಯಮ್’ ಎಂಬ ಧಾತುವಿನಿಂದ ಬಂದದ್ದು. ಹಿಡಿದಿರು, ಹತೋಟಿಯಲ್ಲಿಡು, ನಡೆಸು ಎಂದು ಅದರ ಅರ್ಥ. ನಿಯಮ, ಸಂಯಮ, ನಿಯಂತ್ರಣ, ಯಂತ್ರ ಎಂಬ ಪದಗಳೆಲ್ಲ ಇದೇ ಧಾತುವಿನ ಮಕ್ಕಳು. ರಥದ ಕುದುರೆಗಳನ್ನು ಲಗಾಮು ಹಿಡಿದು ನಡೆಸುವ ಸಾರಥಿಗೆ ಸಂಸ್ಕೃತದಲ್ಲಿರುವ ‘ಯಂತೃ’ ಎಂಬ ಹೆಸರೂ ಇದರಿಂದಲೇ ಬಂದಿದೆ.

ಆದುದರಿಂದ ಅಂತರ್ಯಾಮಿ ಎಂದರೆ ‘ಒಳಗಿರುವವನು’ ಎಂದಷ್ಟೇ ಹೇಳಿದರೆ ಅರ್ಧ ಅರ್ಥ ಬಿಟ್ಟುಹೋಗುತ್ತದೆ. ಒಳಗಿದ್ದು ನಡೆಸುವವನು ಎಂಬುದು ಪೂರ್ಣ ಅರ್ಥ. ಮನೆಯಲ್ಲಿ ಅತಿಥಿಯೂ ಇರುತ್ತಾನೆ, ಯಜಮಾನನೂ ಇರುತ್ತಾನೆ. ಇಬ್ಬರೂ ಒಳಗೇ ಇದ್ದಾರೆ. ಅತಿಥಿಗೆ ಕಾಫಿ ಕೊಡುತ್ತೇವೆ, ಆದರ ತೋರಿಸುತ್ತೇವೆ. ಮನೆಯ ವ್ಯವಹಾರದಲ್ಲಿ ಅವನ ಮಾತು ನಡೆಯುವುದಿಲ್ಲ. ನಾವು ದೇವರನ್ನು ನಮ್ಮೊಳಗೆ ಹೇಗೆ ಇಟ್ಟುಕೊಂಡಿದ್ದೇವೆ? ಈ ಲೇಖನದ ಮುಖ್ಯ ಪ್ರಶ್ನೆ ಇದೇ.

ಜನಕನ ಸಭೆಯಲ್ಲಿ

ಈ ಪದವನ್ನು ವಿಸ್ತಾರವಾಗಿ ವಿವರಿಸುವ ಪ್ರಾಚೀನ ಗ್ರಂಥ ಬೃಹದಾರಣ್ಯಕ ಉಪನಿಷತ್ತು. ಅದರ ಮೂರನೆಯ ಅಧ್ಯಾಯದ ಏಳನೆಯ ಭಾಗಕ್ಕೆ ‘ಅಂತರ್ಯಾಮಿ ಬ್ರಾಹ್ಮಣ’ ಎಂದೇ ಹೆಸರು. ವಿದೇಹದ ಜನಕರಾಜನ ಸಭೆಯಲ್ಲಿ ವಿದ್ವಾಂಸರು ಸೇರಿದ್ದಾರೆ. ಉದ್ದಾಲಕ ಆರುಣಿ ಎಂಬಾತ ಯಾಜ್ಞವಲ್ಕ್ಯ ಋಷಿಗೆ ಎರಡು ಪ್ರಶ್ನೆಗಳನ್ನು ಕೇಳುತ್ತಾನೆ. ಎಲ್ಲವನ್ನೂ ಪೋಣಿಸಿ ಹಿಡಿದಿರುವ ದಾರ ಯಾವುದು? ಎಲ್ಲವನ್ನೂ ಒಳಗಿನಿಂದ ನಡೆಸುವ ಅಂತರ್ಯಾಮಿ ಯಾರು?

ಮೊದಲನೆಯದಕ್ಕೆ ಯಾಜ್ಞವಲ್ಕ್ಯ ‘ವಾಯು’ ಎಂದು ಉತ್ತರಿಸುತ್ತಾನೆ. ಎರಡನೆಯದಕ್ಕೆ ದೀರ್ಘವಾದ ಉತ್ತರ ಕೊಡುತ್ತಾನೆ. ಭೂಮಿ, ನೀರು, ಬೆಂಕಿ, ಸೂರ್ಯ, ದಿಕ್ಕುಗಳು, ಪ್ರಾಣ, ಮಾತು, ಕಣ್ಣು, ಕಿವಿ, ಮನಸ್ಸು ಹೀಗೆ 21 ಸಂಗತಿಗಳನ್ನು ಒಂದೊಂದಾಗಿ ಹೆಸರಿಸಿ, ಪ್ರತಿಯೊಂದರ ಬಗೆಗೂ ಮುಖ್ಯವಾಗಿ ನಾಲ್ಕು ಮಾತುಗಳನ್ನು ಹೇಳುತ್ತಾನೆ. ಒಂದು: ಅಂತರ್ಯಾಮಿ ಅದರೊಳಗೆ ಇದ್ದಾನೆ. ಎರಡು: ಆದರೂ ಅವನು ಅದಕ್ಕಿಂತ ಬೇರೆ. ಮೂರು: ಅದಕ್ಕೆ ಅವನ ಅರಿವಿಲ್ಲ. ನಾಲ್ಕು: ಅದನ್ನು ತನ್ನ ಶರೀರವಾಗಿ ಹೊಂದಿ ಒಳಗಿನಿಂದಲೇ ನಡೆಸುತ್ತಾನೆ.

ಈ ನಾಲ್ಕು ಲಕ್ಷಣಗಳನ್ನು ನೆನಪಿನಲ್ಲಿಡಿ. ಅದರಲ್ಲೂ ಮೂರನೆಯದನ್ನು ಮರೆಯಬೇಡಿ. ಯಾರೊಳಗೆ ಆತನಿದ್ದಾನೋ ಅವರಿಗೆ ಆತನ ಅರಿವು ಇಲ್ಲದಿರಬಹುದು. ಈ ಮಾತಿಗೆ ಮುಂದೆ ಮರಳಿ ಬರೋಣ.

ನಮ್ಮ ನಾಡಿನಲ್ಲಿ

ಈ ಪದ ಪುಸ್ತಕದಲ್ಲೇ ಉಳಿಯಲಿಲ್ಲ. ನಮ್ಮ ಮೇಲುಕೋಟೆಯಲ್ಲಿ ಹಲವು ವರ್ಷ ನೆಲೆಸಿದ್ದ ಶ್ರೀ ರಾಮಾನುಜಾಚಾರ್ಯರ ವಿಶಿಷ್ಟಾದ್ವೈತಕ್ಕೆ ಇದು ಆಧಾರಸ್ತಂಭ. ಜೀವಾತ್ಮರೂ ಜಗತ್ತೂ ದೇವರ ಶರೀರವಿದ್ದಂತೆ, ದೇವರು ಅವುಗಳ ಒಳಗಿನ ಆತ್ಮ ಎಂದು ಅವರು ಬೋಧಿಸಿದರು. ಶ್ರೀವೈಷ್ಣವ ಸಂಪ್ರದಾಯವು ದೇವರಿಗೆ ಹೇಳುವ ಐದು ರೂಪಗಳಲ್ಲಿ ಅಂತರ್ಯಾಮಿಯೂ ಒಂದು. ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದ ಶ್ರೀ ಮಧ್ವಾಚಾರ್ಯರು 13ನೆಯ ಶತಮಾನದಲ್ಲಿ ಇದೇ ಪದವನ್ನು ಹಿಡಿದು, ಒಳಗಿರುವ ದೇವರಿಗೂ ಜೀವನಿಗೂ ಇರುವ ಭೇದವನ್ನು ಒತ್ತಿ ಹೇಳಿದರು. 12ನೆಯ ಶತಮಾನದ ಶರಣರು ಇನ್ನೊಂದು ದಾರಿಯಿಂದ ಬಂದು ದೇಹವನ್ನೇ ದೇಗುಲವೆಂದು ಕಂಡರು. ಹೀಗೆ ದೇವರು ಒಳಗಿದ್ದಾರೆ ಎಂಬ ಮಾತು ಕನ್ನಡಿಗರ ಕಿವಿಗೆ ಹೊಸದಲ್ಲ.

ಅನ್ಯಧರ್ಮದ ಪದವನ್ನು ನಾವು ಬಳಸಬಹುದೇ ಎಂದು ಕೆಲವರು ಕೇಳಬಹುದು. ಅನ್ಯ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆಗಿರುವ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟಪಡಿಸಿತು. ಅದಕ್ಕೂ ಬಹಳ ಹಿಂದೆ ಸಂತ ಪೌಲರು ಅಥೇನ್ಸ್ ಪಟ್ಟಣದಲ್ಲಿ ನಿಂತು, ನಾವು ಬದುಕುವುದೂ ಚಲಿಸುವುದೂ ಇರುವುದೂ ದೇವರಲ್ಲೇ ಎಂದು ಬೋಧಿಸುವಾಗ ಗ್ರೀಕ್ ಕವಿಗಳನ್ನೇ ಸಾಕ್ಷಿಗೆ ಕರೆದಿದ್ದರು (ಪ್ರೇ.ಕಾ. 17:28). ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಧರ್ಮಶಾಸ್ತ್ರಜ್ಞ ಎ. ಜೆ. ಅಪ್ಪಾಸಾಮಿಯವರು 1927ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸಂತ ಯೊವಾನ್ನರ ಶುಭಸಂದೇಶವನ್ನು ಭಕ್ತಿಮಾರ್ಗದ ಬೆಳಕಿನಲ್ಲಿ ಓದಿ ತೋರಿಸಿದರು. ಪದವನ್ನು ತರಬಹುದು, ಆದರೆ ಅದಕ್ಕೆ ಯೇಸುಸ್ವಾಮಿಯ ಶುಭಸಂದೇಶ ಯಾವ ಅರ್ಥ ತುಂಬುತ್ತದೆ ಎಂಬುದನ್ನು ತಿಳಿದು ತರಬೇಕು.

ಶುಭಸಂದೇಶದ ಪದ: ನೆಲೆಸು

ಗುರುಮಠದಲ್ಲಿ ತತ್ವಶಾಸ್ತ್ರ ಕಲಿಯುವಾಗ ದೇವರ ಅಂತರ್ಗತ ಸಾನ್ನಿಧ್ಯಕ್ಕೆ ಲತೀನ್ ಮೂಲದ ‘ಇಮ್ಮನೆನ್ಸ್’ ಎಂಬ ಪದವನ್ನು ನಮಗೆ ಕಲಿಸುತ್ತಾರೆ. ಕೇಳಲು ಕಠಿಣವಾದರೂ ಅದರ ಬೇರು ಬಹಳ ಸರಳ. ‘ಮನೇರೆ’ ಎಂದರೆ ಉಳಿ, ತಂಗು, ನೆಲೆಸು. ‘ಇನ್’ ಎಂದರೆ ಒಳಗೆ. ಒಳಗೆ ನೆಲೆಸಿರುವುದೇ ಇಮ್ಮನೆನ್ಸ್.

ಇದಕ್ಕೆ ಸಮನಾದ ಗ್ರೀಕ್ ಪದ ‘ಮೆನೈನ್’. ಅದು ಸಂತ ಯೊವಾನ್ನರಿಗೆ ಅತ್ಯಂತ ಪ್ರಿಯವಾದ ಪದ. ಮೊದಲನೆಯ ಅಧ್ಯಾಯದಲ್ಲಿ ಇಬ್ಬರು ಶಿಷ್ಯರು ಯೇಸುವಿಗೆ ಮೊಟ್ಟಮೊದಲು ಕೇಳುವ ಪ್ರಶ್ನೆಯೇ ತಾವು ಎಲ್ಲಿ ತಂಗಿದ್ದೀರಿ ಎಂಬುದು (ಯೊವಾನ್ನ 1:38). ಬಂದು ನೋಡಿ ಎಂದು ಯೇಸು ಕರೆಯುತ್ತಾರೆ. ಆ ಪ್ರಶ್ನೆಗೆ ಪೂರ್ಣ ಉತ್ತರ ಸಿಗುವುದು ಕಡೆಯ ಭೋಜನದ ರಾತ್ರಿ. ತಮ್ಮನ್ನು ಪ್ರೀತಿಸಿ ತಮ್ಮ ಮಾತನ್ನು ಪಾಲಿಸುವವನ ಬಳಿಗೆ ತಾವೂ ಪಿತನೂ ಬಂದು ಅವನಲ್ಲಿ ಮನೆ ಮಾಡುವುದಾಗಿ ಯೇಸು ಅಂದು ವಾಗ್ದಾನ ಮಾಡುತ್ತಾರೆ (14:23). ಯೇಸು ಎಲ್ಲಿ ತಂಗಿದ್ದಾರೆ? ನಮ್ಮಲ್ಲಿ! ಮುಂದೆ ದ್ರಾಕ್ಷಾಬಳ್ಳಿಯ ಸಾಮತಿಯಲ್ಲಿ, 15ನೆಯ ಅಧ್ಯಾಯದ 4ರಿಂದ 10ರವರೆಗಿನ ಏಳೇ ವಚನಗಳಲ್ಲಿ, ‘ನೆಲೆಸು’ ಎಂಬ ಪದ ಗ್ರೀಕ್ ಮೂಲದಲ್ಲಿ ಹತ್ತು ಬಾರಿ ಬರುತ್ತದೆ. ಕೊಂಬೆಯನ್ನು ಬಳ್ಳಿಗೆ ಹಗ್ಗದಿಂದ ಕಟ್ಟಿದರೆ ಹಣ್ಣು ಬಿಡುವುದಿಲ್ಲ. ಬಳ್ಳಿಯ ರಸ ಒಳಗೆ ಹರಿಯಬೇಕು. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈಗ ಎರಡು ಪದಗಳನ್ನು ಪಕ್ಕಪಕ್ಕದಲ್ಲಿಡೋಣ. ಯೊವಾನ್ನರ ಪದ ‘ನೆಲೆಸು’ ಎನ್ನುತ್ತದೆ. ಉಪನಿಷತ್ತಿನ ಪದ ‘ನಡೆಸು’ ಎನ್ನುತ್ತದೆ. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿ ಇವೆರಡೂ ಕೂಡಿ ಬರುತ್ತವೆ. ದೇವರಾತ್ಮರು ನಮ್ಮಲ್ಲಿ ನೆಲೆಸಿದ್ದಾರೆ ಎಂದು 9 ಮತ್ತು 11ನೆಯ ವಚನಗಳಲ್ಲಿ ಹೇಳಿದವರು, ಆ ಆತ್ಮರಿಂದ ನಡೆಸಲ್ಪಡುವವರೇ ದೇವರ ಮಕ್ಕಳು ಎಂದು 14ನೆಯ ವಚನದಲ್ಲಿ ಹೇಳುತ್ತಾರೆ. ಹಾಗಾಗಿ ಪವಿತ್ರಾತ್ಮರನ್ನು ನಮ್ಮ ಅಂತರ್ಯಾಮಿ ಎಂದು ಕರೆಯುವುದಕ್ಕೆ ಪವಿತ್ರ ಗ್ರಂಥದಲ್ಲೇ ನೆಲೆಯಿದೆ.

ಆದರೂ ವ್ಯತ್ಯಾಸವನ್ನು ಮರೆಯುವಂತಿಲ್ಲ. ನಮ್ಮ ವಿಶ್ವಾಸದಲ್ಲಿ ಒಳಗಿರುವವರು ಹೆಸರಿಲ್ಲದ ಶಕ್ತಿಯಲ್ಲ. ಪಿತನಿಂದಲೂ ಸುತನಿಂದಲೂ ಕಳುಹಿಸಲ್ಪಟ್ಟ, ಪರಮ ತ್ರಿತ್ವದ ಮೂರನೆಯ ವ್ಯಕ್ತಿ ಅವರು. ಕನ್ಯಾಮರಿಯಮ್ಮನವರ ಉದರದಲ್ಲಿ ನರನಾಗಿ ಹುಟ್ಟಿ, ಶಿಲುಬೆಯಲ್ಲಿ ಪ್ರಾಣಕೊಟ್ಟು, ಪುನರುತ್ಥಾನರಾದ ಯೇಸುಸ್ವಾಮಿಯನ್ನು ಅವರು ನಮ್ಮೊಳಗೆ ಜೀವಂತವಾಗಿರಿಸುತ್ತಾರೆ.

ಎರಡು ಬಗೆಯ ಸಾನ್ನಿಧ್ಯ

ದೇವರು ಎಲ್ಲೆಡೆಯೂ ಇದ್ದಾರಲ್ಲವೇ, ಹಾಗಾದರೆ ಜ್ಞಾನಸ್ನಾನದಲ್ಲಿ ಹೊಸದಾಗಿ ಬರುವುದೇನು ಎಂಬ ಸಂದೇಹ ಸಹಜ. ಸಂತ ಥಾಮಸ್ ಅಕ್ವಿನಾಸರು ಇದನ್ನು ಬಿಡಿಸಿ ಹೇಳಿದ್ದಾರೆ. ಸೂರ್ಯನಿರುವವರೆಗೆ ಗಾಳಿಯಲ್ಲಿ ಬೆಳಕು. ಸೂರ್ಯ ಮುಳುಗಿದರೆ ಬೆಳಕು ಉಳಿಯದು. ಹಾಗೆಯೇ ದೇವರು ಪ್ರತಿ ಕ್ಷಣವೂ ಇರುವಿಕೆಯನ್ನು ಕೊಡುತ್ತಿರುವುದರಿಂದಲೇ ಕಲ್ಲು, ಗಿಡ, ಹಕ್ಕಿ, ಮನುಷ್ಯ ಎಲ್ಲವೂ ಇವೆ. ಈ ಅರ್ಥದಲ್ಲಿ ದೇವರು ಎಲ್ಲದರ ಒಳಗಿದ್ದಾರೆ. ಇದು ಸೃಷ್ಟಿಕರ್ತರ ಸಾನ್ನಿಧ್ಯ. ಇನ್ನೊಂದು ವರಪ್ರಸಾದದ ಸಾನ್ನಿಧ್ಯ. ಪ್ರೀತಿಸುವವರ ಹೃದಯದಲ್ಲಿ ಪ್ರೀತಿಪಾತ್ರರು ನೆಲೆಸುವಂತೆ, ತಮ್ಮನ್ನು ಅರಿತು ಪ್ರೀತಿಸಬಲ್ಲ ಮನುಷ್ಯನಲ್ಲಿ ದೇವರು ನೆಲೆಸುತ್ತಾರೆ. ಮೊದಲನೆಯದು ಕಲ್ಲಿಗೂ ಉಂಟು. ಎರಡನೆಯದು ಮಕ್ಕಳಿಗೆ ಮಾತ್ರ ಸಿಗುವ ಆಸ್ತಿ. 1897ರ ಮೇ 9ರಂದು ಪೋಪ್ 13ನೆಯ ಲಿಯೋ ಅವರು ಪವಿತ್ರಾತ್ಮರ ಕುರಿತಾದ ವಿಶ್ವಪತ್ರದಲ್ಲಿ ಈ ಎರಡನೆಯ ಸಾನ್ನಿಧ್ಯವನ್ನು ವಿವರಿಸಿ, ಪೆಂತಕೋಸ್ತ್ ಹಬ್ಬಕ್ಕೆ ಮುನ್ನ ಒಂಬತ್ತು ದಿನಗಳ ನವೇನ ಮಾಡಬೇಕೆಂದು ಇಡೀ ಧರ್ಮಸಭೆಗೆ ಸೂಚಿಸಿದರು.

ಈ ವಿಷಯದಲ್ಲಿ ಆವಿಲಾದ ಸಂತ ತೆರೇಸಾರ ಅನುಭವ ಕೇಳುವಂತಿದೆ. ದೇವರು ಎಲ್ಲದರಲ್ಲಿಯೂ ನಿಜವಾಗಿ ಇದ್ದಾರೆ ಎಂಬುದು ಆಕೆಗೆ ಆರಂಭದಲ್ಲಿ ಗೊತ್ತಿರಲಿಲ್ಲ. ಪ್ರಾರ್ಥನೆಯಲ್ಲಿ ಹಾಗೆ ಅನಿಸುತ್ತಿತ್ತು. ಆದರೆ ಅರ್ಧಂಬರ್ಧ ಓದಿದವರನ್ನು ಕೇಳಿದಾಗ, ದೇವರು ವರಪ್ರಸಾದದ ಮೂಲಕ ಮಾತ್ರ ಇರುತ್ತಾರೆ ಎಂಬ ಉತ್ತರ ಬಂತು. ಆಕೆಯ ಮನಸ್ಸು ಒಪ್ಪಲಿಲ್ಲ. ಕೊನೆಗೆ ದೊಮಿನಿಕ್ ಸಭೆಯ ಒಬ್ಬ ವಿದ್ವಾಂಸ ಗುರುಗಳು ನಿಜವನ್ನು ತಿಳಿಸಿದಾಗ ಆಕೆಗೆ ದೊಡ್ಡ ಸಮಾಧಾನವಾಯಿತು. ಸರಿಯಾದ ಬೋಧನೆ ಒಂದು ಆತ್ಮಕ್ಕೆ ಎಷ್ಟು ನೆಮ್ಮದಿ ಕೊಡಬಲ್ಲದು ನೋಡಿ! ಆಕೆ 1577ರಲ್ಲಿ ಬರೆದ ‘ಅಂತರಂಗದ ಕೋಟೆ’ ಎಂಬ ಗ್ರಂಥದಲ್ಲಿ ಆತ್ಮವನ್ನು ಸ್ಫಟಿಕದ ಕೋಟೆಗೆ ಹೋಲಿಸಿದ್ದಾರೆ. ನಟ್ಟನಡುವಿನ ಅರಮನೆಯಲ್ಲಿ ರಾಜನಿದ್ದಾನೆ. ಮಾರಕ ಪಾಪ ಮಾಡಿದಾಗ ಸ್ಫಟಿಕದ ಮೇಲೆ ಕಪ್ಪು ಬಟ್ಟೆ ಹೊದಿಸಿದಂತಾಗಿ ಬೆಳಕು ಒಳಬರದು. ಆದರೂ ನಡುವಿನ ಸೂರ್ಯ ಇದ್ದಲ್ಲೇ ಇದ್ದಾನೆ ಎನ್ನುತ್ತಾರೆ ಆಕೆ. ಪಾಪನಿವೇದನೆ ಎಂದರೆ ಆ ಬಟ್ಟೆ ತೆಗೆಸುವುದು. ಎಷ್ಟೋ ವರ್ಷ ಪಾಪನಿವೇದನೆಯಿಂದ ದೂರ ಉಳಿದವರು ಈ ಮಾತಿನಿಂದ ಧೈರ್ಯ ತಂದುಕೊಳ್ಳಲಿ.

ಬಳಕೆಯಲ್ಲಿ ಎಚ್ಚರ

ಈ ಪದವನ್ನು ಬಳಸುವಾಗ ನಾಲ್ಕು ತಪ್ಪು ತಿಳಿವಳಿಕೆಗಳಿಂದ ದೂರವಿರಬೇಕು.

ಮೊದಲನೆಯದಾಗಿ, ಸರ್ವವ್ಯಾಪಿ, ಸರ್ವಜ್ಞ, ಅಂತರ್ಯಾಮಿ ಈ ಮೂರನ್ನೂ ಒಂದೇ ಎಂದು ಎಣಿಸುವುದು. ಎಲ್ಲೆಡೆ ಇರುವವರು ಸರ್ವವ್ಯಾಪಿ. ಎಲ್ಲವನ್ನೂ ಬಲ್ಲವರು ಸರ್ವಜ್ಞ. ಒಳಗಿದ್ದು ನಡೆಸುವವರು ಅಂತರ್ಯಾಮಿ. ಮನಸ್ಸಿನಲ್ಲಿರುವುದನ್ನೆಲ್ಲ ಪತ್ತೆಹಚ್ಚುವವರು ಎಂಬ ಅರ್ಥದಲ್ಲಿ ಈ ಪದ ಬಳಸಿ, ದೇವರು ನೋಡ್ತಾ ಇದ್ದಾರೆ, ಹುಷಾರ್ ಎಂದು ಮಕ್ಕಳನ್ನು ಹೆದರಿಸುವ ತಂದೆತಾಯಿಗಳಿದ್ದಾರೆ. ಒಳಗಿನ ದೇವರು ಗೂಢಚಾರರಲ್ಲ. ನಡೆಯಲು ಕಲಿಯುವ ಮಗುವಿನ ಕೈಹಿಡಿಯುವ ತಾಯಿಯಂತೆ ಅವರು.

ಎರಡನೆಯದಾಗಿ, ಒಳಗೆ ದೇವರಿದ್ದಾರೆ ಎಂದಮೇಲೆ ನಾನೇ ದೇವರು ಎಂದುಕೊಳ್ಳುವುದು. ಉಪನಿಷತ್ತಿನ ಆ ಭಾಗವೇ ಅಂತರ್ಯಾಮಿ ಬೇರೆ ಎಂದು ಮತ್ತೆ ಮತ್ತೆ ಹೇಳುತ್ತದೆ. ಸಂತ ಆಗುಸ್ತೀನರು ತಮ್ಮ ಆತ್ಮನಿವೇದನೆಯ ಮೂರನೆಯ ಭಾಗದಲ್ಲಿ, ದೇವರು ತಮ್ಮ ಒಳಗಿನ ಒಳಗಿಗಿಂತಲೂ ಒಳಗೆ, ತಮ್ಮ ಎತ್ತರದ ತುದಿಗಿಂತಲೂ ಎತ್ತರದಲ್ಲಿ ಇದ್ದಾರೆಂದು ಅರಿಕೆ ಮಾಡಿಕೊಳ್ಳುತ್ತಾರೆ. ಒಳಗಿರುವವರು ನಮಗೆ ಅತೀತರೂ ಹೌದು. ಅದಕ್ಕೇ ಅವರ ಮುಂದೆ ಮೊಣಕಾಲೂರುತ್ತೇವೆ.

ಮೂರನೆಯದಾಗಿ, ನನ್ನ ಮನಸ್ಸಿಗೆ ತೋಚಿದ್ದೆಲ್ಲ ಅಂತರ್ಯಾಮಿಯ ಮಾತು ಎಂದುಕೊಳ್ಳುವುದು. ಅಣ್ಣನೊಡನೆ ಮಾತು ಬಿಡು ಎಂದು ನನ್ನ ಒಳಮನಸ್ಸೇ ಹೇಳಿತು ಎನ್ನುವವರುಂಟು. ಧರ್ಮವೆಂದರೆ ಒಳಗಿನಿಂದ ಉಕ್ಕುವ ಭಾವನೆ ಮಾತ್ರ ಎಂಬ ಅಭಿಪ್ರಾಯವನ್ನು ಪೋಪ್ 10ನೆಯ ಪಿಯೂಸರು 1907ರಲ್ಲೇ ಖಂಡಿಸಿದರು. ಮನಸ್ಸಾಕ್ಷಿಯು ಮನುಷ್ಯನು ದೇವರೊಡನೆ ಏಕಾಂತವಾಗಿರುವ ಗರ್ಭಗುಡಿ ಎಂದು ವ್ಯಾಟಿಕನ್ ಮಹಾಸಭೆ ಬೋಧಿಸಿದೆ, ನಿಜ. ಆದರೆ ಅಲ್ಲಿ ಕೇಳಿಬರುವ ದನಿ ಯೇಸುವಿನ ದನಿಯೋ ನಮ್ಮ ಸಿಟ್ಟಿನ ದನಿಯೋ ಎಂದು ಶುಭಸಂದೇಶವನ್ನೂ ಧರ್ಮಸಭೆಯ ಬೋಧನೆಯನ್ನೂ ಮುಂದಿಟ್ಟು ಪರೀಕ್ಷಿಸಬೇಕು. ಪವಿತ್ರಾತ್ಮರ ಫಲಗಳು ಪ್ರೀತಿ, ಆನಂದ, ಶಾಂತಿ, ಸಹನೆ ಎಂದು ಮೊದಲಾಗಿ ಸಂತ ಪೌಲರು ಪಟ್ಟಿ ಕೊಟ್ಟಿದ್ದಾರೆ (ಗಲಾತ್ಯರಿಗೆ 5:22). ಜಗಳ ಬೆಳೆಸುವ ದನಿ ಆ ಪಟ್ಟಿಯಲ್ಲಿಲ್ಲ.

ನಾಲ್ಕನೆಯದಾಗಿ, ದೇವರು ಒಳಗೇ ಇದ್ದಾರಲ್ಲ, ದೇವಾಲಯಕ್ಕೆ ಯಾಕೆ ಹೋಗಬೇಕು ಎನ್ನುವುದು. ಯುವಜನರಿಂದ ಈ ಮಾತನ್ನು ಹೆಚ್ಚಾಗಿ ಕೇಳುತ್ತೇವೆ. ಅವರಿಗೆ ಯೊವಾನ್ನರ ಶುಭಸಂದೇಶದ 6:56ನ್ನು ತೋರಿಸಿ. ತಮ್ಮ ಶರೀರವನ್ನು ಭುಜಿಸಿ ರಕ್ತವನ್ನು ಪಾನಮಾಡುವವನು ತಮ್ಮಲ್ಲಿಯೂ ತಾವು ಅವನಲ್ಲಿಯೂ ನೆಲೆಸಿರುತ್ತೇವೆ ಎಂದು ಯೇಸು ಅಲ್ಲಿ ಹೇಳುತ್ತಾರೆ. ಅದೇ ‘ಮೆನೈನ್’ ಪದ! ಒಳಗೆ ನೆಲೆಸುವವರು ಪರಮಪ್ರಸಾದದ ದಾರಿಯಿಂದಲೇ ಒಳಗೆ ಬರುತ್ತಾರೆ. ಒಲೆಯಲ್ಲಿ ಕೆಂಡವಿದೆ ಎಂದು ಸೌದೆ ಹಾಕುವುದನ್ನು ನಿಲ್ಲಿಸಿದರೆ ಕೆಂಡ ಬೂದಿಯಾಗುತ್ತದೆ.

ಗೊಂಬೆಯಲ್ಲ, ಮಗು

ಒಳಗಿನಿಂದ ನಡೆಸುತ್ತಾರೆ ಎಂದರೆ ನಮಗೆ ಸ್ವಾತಂತ್ರ್ಯವಿಲ್ಲವೇ? ಸೂತ್ರದ ಗೊಂಬೆಯಾಟವನ್ನು ನೆನೆಯಿರಿ. ಗೊಂಬೆಯನ್ನು ಆಡಿಸುವವನು ಹೊರಗಿದ್ದಾನೆ, ದಾರ ಎಳೆಯುತ್ತಾನೆ, ಗೊಂಬೆಗೆ ಮನಸ್ಸಿಲ್ಲ. ಇನ್ನೊಂದು ಉದಾಹರಣೆ ನೋಡಿ. ಹಳ್ಳಿಯ ತಾಯಿಯೊಬ್ಬಳು ಸಾಕಿದ ಮಗ ದುಬೈಯಲ್ಲೋ ಬೆಂಗಳೂರಲ್ಲೋ ಒಬ್ಬನೇ ಇದ್ದಾನೆ. ಲಂಚದ ಹಣ ಕೈಗೆ ಬರುವ ಹೊತ್ತಿನಲ್ಲಿ ಅವಳ ಮಾತು ಅವನನ್ನು ಒಳಗಿನಿಂದ ತಡೆಯುತ್ತದೆ. ಯಾರೂ ಅವನ ಕೈ ಹಿಡಿದಿಲ್ಲ. ಅವನೇ ಬೇಡ ಎನ್ನುತ್ತಾನೆ, ಸ್ವತಂತ್ರವಾಗಿ. ತಾಯಿಯ ಪ್ರೀತಿ ಒಳಗಿದ್ದು ನಡೆಸಿತು. ದೇವರು ತಾಯಿಗಿಂತಲೂ ಒಳಗಿದ್ದಾರೆ. ಅವರು ನಡೆಸುವ ರೀತಿ ಪ್ರೀತಿಯದು; ಬಲವಂತದ್ದಲ್ಲ. ಆದ್ದರಿಂದಲೇ ನಾವು ಬೇಡ ಎಂದರೆ ಅವರು ಅತಿಥಿಯಂತೆ ಸುಮ್ಮನೆ ಕಾಯುತ್ತಾರೆ.

ಅರಿಯದವರಲ್ಲಿಯೂ

ಈಗ ಉಪನಿಷತ್ತಿನ ಮೂರನೆಯ ಲಕ್ಷಣಕ್ಕೆ ಬರೋಣ. ಮನೆಮನೆ ಭೇಟಿಯ ಸಮಯದಲ್ಲಿ ಗುರುಗಳಾದ ನಮಗೆ ಎದುರಾಗುವ ಅತ್ಯಂತ ಕಷ್ಟದ ಪ್ರಶ್ನೆಗಳಲ್ಲಿ ಒಂದು ಹೀಗಿದೆ: ‘ಫಾದರ್, ನಮ್ಮ ಅಪ್ಪ ದಿನವೂ ಜಪಸರ ಹೇಳಿಸುತ್ತಿದ್ದವರು. ಈಗ ಮರೆವಿನ ಕಾಯಿಲೆ. ನಮೋ ಮರಿಯ ಕೂಡ ನೆನಪಿಲ್ಲ. ನನ್ನನ್ನೇ ಯಾರಮ್ಮ ನೀನು ಅಂತ ಕೇಳುತ್ತಾರೆ. ಅವರೊಳಗೆ ಈಗ ದೇವರು ಇದ್ದಾರಾ?’ ಹುಟ್ಟಿನಿಂದಲೇ ಬುದ್ಧಿ ಬೆಳೆಯದ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯೂ, ಗಂಡ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿ ಮಲಗಿರುವ ಹೆಂಡತಿಯೂ ಇದನ್ನೇ ಬೇರೆ ಮಾತುಗಳಲ್ಲಿ ಕೇಳುತ್ತಾರೆ.

ಇದಕ್ಕೆ ಧರ್ಮಸಭೆಯ ಉತ್ತರ ಖಚಿತವಾಗಿದೆ: ಇದ್ದಾರೆ. ನಮಗೆ ದೇವರ ನೆನಪಿರುವುದರಿಂದ ದೇವರು ನಮ್ಮೊಳಗೆ ಇರುತ್ತಾರೆ ಎಂಬುದು ತಲೆಕೆಳಗಾದ ತಿಳಿವಳಿಕೆ. ಅವರು ನಮ್ಮನ್ನು ನೆನೆಯುವುದರಿಂದ ನಾವಿದ್ದೇವೆ. ಜ್ಞಾನಸ್ನಾನದ ಮುದ್ರೆ ಅಳಿಸಿಹೋಗದ ಮುದ್ರೆ. ಪಾಪವೂ ಅದನ್ನು ಅಳಿಸದೆಂದು ಧರ್ಮಸಭೆ ಬೋಧಿಸುವಾಗ ಕಾಯಿಲೆ ಅಳಿಸಬಲ್ಲದೇ? ಹೇಗೆ ಪ್ರಾರ್ಥಿಸಬೇಕೆಂದು ನಮಗೆ ತಿಳಿಯದಾದಾಗ ಪವಿತ್ರಾತ್ಮರೇ ಮಾತಿಗೆ ಸಿಗದ ನರಳಾಟದಿಂದ ನಮಗಾಗಿ ಬೇಡುತ್ತಾರೆ ಎಂದು ಸಂತ ಪೌಲರು ಬರೆದಿದ್ದಾರೆ (ರೋಮನರಿಗೆ 8:26). ಆ ಅಪ್ಪನ ತುಟಿಗಳು ನಿಂತಿವೆ. ಒಳಗಿನ ಪ್ರಾರ್ಥನೆ ನಿಂತಿಲ್ಲ. ಅವರ ಹಾಸಿಗೆಯ ಪಕ್ಕದಲ್ಲಿ ಕುಳಿತು ನೀವು ಜಪಸರ ಹೇಳಿದರೆ, ಅವರೊಳಗಿನ ಪ್ರಾರ್ಥನೆಯ ಜೊತೆ ದನಿಗೂಡಿಸುತ್ತೀರಿ. ಅವರ ಬಾಯಿ ಒರೆಸುವಾಗ, ಬಟ್ಟೆ ಬದಲಿಸುವಾಗ, ನೀವು ಮುಟ್ಟುವುದು ದೇವಾಲಯವನ್ನು.

ದೇವಾಲಯ ಎಂಬ ಮಾತನ್ನು ಸಂತ ಪೌಲರು ಮೊದಲು ಹೇಳಿದ್ದು ಎಂತಹವರಿಗೆ ಗೊತ್ತೇ? ಕೊರಿಂಥದ ಕ್ರೈಸ್ತರಿಗೆ. ನಾನು ಪೌಲನ ಕಡೆ, ನಾನು ಅಪೊಲೋಸನ ಕಡೆ ಎಂದು ಗುಂಪು ಕಟ್ಟಿಕೊಂಡು ಕಚ್ಚಾಡುತ್ತಿದ್ದ ಧರ್ಮಕೇಂದ್ರ ಅದು. ಅವರಿಗೆ ಬುದ್ಧಿ ಹೇಳುತ್ತಾ, ನೀವು ದೇವರ ಆಲಯ, ದೇವರಾತ್ಮರು ನಿಮ್ಮಲ್ಲಿ ನೆಲೆಸಿದ್ದಾರೆ ಎಂದು ಅವರು ನೆನಪಿಸಿದರು (1 ಕೊರಿಂಥಿಯರಿಗೆ 3:16). ಅಲ್ಲಿ ‘ನೀವು’ ಬಹುವಚನ. ಒಬ್ಬೊಬ್ಬರೂ ಆಲಯ ಎಂಬ ಮಾತು ಆರನೆಯ ಅಧ್ಯಾಯದಲ್ಲಿ ಬರುತ್ತದೆ. ಮೊದಲು ಎಲ್ಲರೂ ಸೇರಿ ಒಂದು ಆಲಯ. ನನ್ನೊಳಗಿನ ಅಂತರ್ಯಾಮಿಗೆ ಕೈಮುಗಿದು, ಪಕ್ಕದ ಬೆಂಚಿನಲ್ಲಿ ಕುಳಿತವನೊಳಗಿನ ಅದೇ ಅಂತರ್ಯಾಮಿಗೆ ಬೆನ್ನು ತಿರುಗಿಸಿದರೆ ನನ್ನ ಭಕ್ತಿಗೆ ಅರ್ಥವಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು

ಇದಕ್ಕಾಗಿ ಮಠ ಸೇರಬೇಕಾಗಿಲ್ಲ. 17ನೆಯ ಶತಮಾನದಲ್ಲಿ ಪ್ಯಾರಿಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಬ್ರದರ್ ಲಾರೆನ್ಸ್ ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸಾನ್ನಿಧ್ಯದಲ್ಲಿ ಬದುಕಲು ಕಲಿತರು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರಿಂದ ಸಂತ ಪದವಿಗೇರಿದ ತ್ರಿತ್ವದ ಎಲಿಜಬೆತ್ 26ನೆಯ ವಯಸ್ಸಿನಲ್ಲಿ, 1906ರಲ್ಲಿ, ಕಾಯಿಲೆಯಿಂದ ತೀರಿಕೊಳ್ಳುವ ಮುನ್ನ ಒಳಗೆ ನೆಲೆಸಿರುವ ದೇವರ ಕುರಿತು ಒಂದು ಧ್ಯಾನಮಾಲೆಯನ್ನು ಬರೆದರು. ಯಾರಿಗಾಗಿ? ಸಂಸಾರವಂದಿಗಳಾಗಿ ಇಬ್ಬರು ಪುಟ್ಟ ಮಕ್ಕಳನ್ನು ಸಾಕುತ್ತಿದ್ದ ತಮ್ಮ ತಂಗಿಗಾಗಿ.

ನಾವೂ ಮೂರು ಸಣ್ಣ ಅಭ್ಯಾಸಗಳನ್ನು ರೂಢಿಸಿಕೊಳ್ಳೋಣ. ಪರಮಪ್ರಸಾದ ಸ್ವೀಕರಿಸಿದ ಮೇಲೆ ಪ್ರಕಟಣೆಗಳನ್ನು ಕಾಯುತ್ತಾ ಕೂರದೆ, ಎರಡು ನಿಮಿಷ ಕಣ್ಣುಮುಚ್ಚಿ ಒಳಗೆ ಬಂದವರೊಡನೆ ಮಾತಾಡೋಣ. ಸಂಜೆಯ ಪ್ರಾರ್ಥನೆಯ ಕೊನೆಯಲ್ಲಿ ಮನೆಮಂದಿ ಒಬ್ಬರ ಹಣೆಯ ಮೇಲೆ ಇನ್ನೊಬ್ಬರು ಶಿಲುಬೆಯ ಗುರುತು ಹಾಕೋಣ. ನಿನ್ನಲ್ಲಿ ದೇವರಿದ್ದಾರೆ ಎಂದು ಹೇಳುವ ರೀತಿ ಅದು. ಯಾವುದೇ ದೊಡ್ಡ ತೀರ್ಮಾನಕ್ಕೆ, ಮದುವೆಗೋ ಜಮೀನು ಪಾಲಿಗೋ ಕೂರುವ ಮುನ್ನ, ಒಳಗಿನ ಯಜಮಾನರನ್ನು ಒಮ್ಮೆ ಕೇಳೋಣ.

ಪ್ರಿಯರೇ, ಪೆಂತಕೋಸ್ತಿನ ಗಾಳಿ ಇಂದು ನಮ್ಮ ಕಿವಿಗೆ ಕೇಳಿಸದಿರಬಹುದು. ಜ್ವಾಲೆ ಕಣ್ಣಿಗೆ ಕಾಣದಿರಬಹುದು. ಬಂದವರು ಮಾತ್ರ ಹಿಂತಿರುಗಿ ಹೋಗಿಲ್ಲ. ನಮ್ಮೊಳಗೆ ನೆಲೆಸಿರುವ ಪವಿತ್ರಾತ್ಮರಿಗೆ ನಮ್ಮನ್ನು ನಡೆಸಲು ಅವಕಾಶ ಕೊಡೋಣ. ಅವರು ನಮ್ಮ ಮನೆಗಳಲ್ಲಿರುವ ರೋಗಿಗಳನ್ನೂ ವೃದ್ಧರನ್ನೂ ಎಳೆಯ ಮಕ್ಕಳನ್ನೂ ತಮ್ಮ ಆಲಯಗಳಾಗಿ ಕಾಪಾಡಲಿ. ಮುನಿಸಿಕೊಂಡ ಮನಸ್ಸುಗಳನ್ನು ಒಂದುಗೂಡಿಸಲಿ. ನಿಮಗೆಲ್ಲರಿಗೂ ಪವಿತ್ರಾತ್ಮರ ಹಬ್ಬದ ಶುಭಾಶಯಗಳು. ಆಮೆನ್.